ಸೆಪ್ಟಿಕ್ ಟ್ಯಾಂಕ್ ಪಕ್ಕದ ಮಣ್ಣು: ಏನನ್ನು ಹುಡುಕಬೇಕು ಅಂತ ಮೊದಲು ಹೇಳಿ

ಮಾನ್ಯ ಸಂಪಾದಕರೇ,

ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಸುತ್ತಲಿನ ಮಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ನಿಮ್ಮ ಪತ್ರಿಕೆ ಬರೆದದ್ದು ಒಳ್ಳೆಯದೇ ಆಯಿತು. ಆದರೆ ಯಾವ ಪರೀಕ್ಷೆ, ಮಣ್ಣು ಎಲ್ಲಿಂದ ತೆಗೆಯಬೇಕು ಅನ್ನುವುದು ಅದರಲ್ಲಿ ಬರಲಿಲ್ಲ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇರುವ ಚಿಂತೆಯೇ ಅದು.

ಎಷ್ಟೋ ಜನ ಒಂದು ಕವರಿನಲ್ಲಿ ಮೇಲ್ಮಣ್ಣು ಕೆರೆದು ತರುತ್ತಾರೆ. "ಕೆಮಿಕಲ್ ಏನಾದ್ರೂ ಇದೆಯಾ ನೋಡಿ" ಅನ್ನುತ್ತಾರೆ. ಎಲ್ಲ ಕೆಮಿಕಲ್ಲನ್ನೂ ಹಿಡಿಯುವ ಒಂದೇ ಟೆಸ್ಟ್ ಎಲ್ಲೂ ಇಲ್ಲ. ಬೆಳೆಗಾಗಿ ಮಾಡುವ ಮಾಮೂಲಿ ಪರೀಕ್ಷೆಯಲ್ಲಿ ಪಿಎಚ್, ಸಾರಜನಕ, ರಂಜಕ, ಪೊಟ್ಯಾಷ್ ತಿಳಿಯುತ್ತದೆ. ಪೇಂಟಿಗೆ ಬೆರೆಸುವ ಥಿನ್ನರ್ ಸುರಿದಿದ್ದರೆ ಅದು ತಿಳಿಯುವುದಿಲ್ಲ, ಸೀಸ ಸೇರಿದ್ದರೂ ತಿಳಿಯುವುದಿಲ್ಲ. ಆ ರಿಪೋರ್ಟ್ ಹಿಡಿದು ಮನೆಯವರು ನೆಮ್ಮದಿಯಿಂದ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲು ಕೇಳಬೇಕಾದ್ದು, ಈ ಟ್ಯಾಂಕಿಗೆ ಇಷ್ಟು ವರ್ಷ ಏನೇನು ಹೋಗಿದೆ ಅಂತ. ಬರೀ ಅಡುಗೆಮನೆ, ಬಚ್ಚಲು, ಕಕ್ಕಸಿನ ನೀರು ಮಾತ್ರ ಆಗಿದ್ದರೆ ಮುಖ್ಯವಾಗಿ ನೋಡಬೇಕಾದ್ದು ನೈಟ್ರೇಟ್. ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿ ಸಾರಜನಕ ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ರಂಜಕವನ್ನು ಮಣ್ಣು ಬಹುಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯುವುದಿಲ್ಲ. ಅದು ನೀರಿನ ಜೊತೆ ಇಳಿದು ಹೋಗುತ್ತದೆ. ಹಾಗಾಗಿ ಇಂಥ ಕಡೆ ಮಣ್ಣಿಗಿಂತ ಮೊದಲು ಬಾವಿ ಅಥವಾ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಇದರಿಂದ ಅಪಾಯ ಜಾಸ್ತಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಮನೆಯಲ್ಲೇ ಪೇಂಟಿಂಗ್, ಗಾಡಿ ರಿಪೇರಿ, ಬ್ಯಾಟರಿ ಕೆಲಸ ನಡೆದಿದ್ದರೆ ಕಥೆಯೇ ಬೇರೆ. ಎಣ್ಣೆ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ಅನ್ನುವ ದ್ರಾವಕ ಹಿಂದೆ ಸೆಪ್ಟಿಕ್ ಟ್ಯಾಂಕ್ ಕ್ಲೀನರುಗಳಲ್ಲೂ ಇರುತ್ತಿತ್ತು. ಅದು ನೀರಿಗಿಂತ ಭಾರ. ಮಣ್ಣಿನೊಳಗೆ ಇಳಿಯುತ್ತಾ ಅಂತರ್ಜಲವನ್ನೂ ದಾಟಿ ಕೆಳಗೆ ಹೋಗಬಲ್ಲದು. ಅದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ತೀರ್ಮಾನಿಸಿದೆ.

ಇಂಥ ದ್ರಾವಕವನ್ನು ಹುಡುಕುವಾಗಲೇ ಹೆಚ್ಚು ತಪ್ಪು ಆಗುವುದು. ಬೆಳೆಯ ಪರೀಕ್ಷೆಗೆ ನಾವು ಮಣ್ಣನ್ನು ಪೇಪರಿನ ಮೇಲೆ ಹರಡಿ ಒಣಗಿಸುತ್ತೇವೆ, ಹೆಂಟೆ ಒಡೆದು ಜರಡಿ ಹಿಡಿಯುತ್ತೇವೆ. ದ್ರಾವಕ ಇರುವ ಮಣ್ಣಿಗೆ ಹೀಗೆ ಮಾಡಿದರೆ ಹುಡುಕಬೇಕಾದ್ದೇ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೆ ಅಗೆದ ತಕ್ಷಣ, ಹೆಂಟೆ ಮುರಿಯದೆ, ಲ್ಯಾಬ್ ಕೊಟ್ಟ ಗಾಜಿನ ಸೀಸೆಗೆ ಮಣ್ಣು ತುಂಬಿ ಬಿಗಿಯಾಗಿ ಮುಚ್ಚಬೇಕು. ದ್ರಾವಕ ಹಾರಿಹೋಗದಂತೆ ಹಿಡಿದಿಡಲು ಹಲವು ಸಲ ಆ ಸೀಸೆಯಲ್ಲಿ ಮೊದಲೇ ಮೆಥನಾಲ್ ಹಾಕಿರುತ್ತಾರೆ. ಸೀಸೆಯನ್ನು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ನಾಲ್ಕು ಕಡೆಯ ಮಣ್ಣು ಕಲಸಿ ಒಂದೇ ಸ್ಯಾಂಪಲ್ ಮಾಡುವುದಂತೂ ಇಲ್ಲಿ ಬೇಡವೇ ಬೇಡ. ಇದನ್ನು ತಿಳಿದವರ ಕೈಲೇ ಮಾಡಿಸುವುದು ಒಳ್ಳೆಯದು.

ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹಾಗೆ ಹಾರಿಹೋಗುವುದಿಲ್ಲ. ಅವು ಬಹುಪಾಲು ಟ್ಯಾಂಕಿನ ತಳದ ಕೆಸರಿನಲ್ಲಿ ಉಳಿಯುತ್ತವೆ. ಆ ಕೆಸರನ್ನು ಎಂದಾದರೂ ಹಿತ್ತಲಲ್ಲಿ ಸುರಿದಿದ್ದರೆ, ಅಥವಾ ಟ್ಯಾಂಕ್ ಉಕ್ಕಿ ಹರಿದಿದ್ದರೆ, ಅಲ್ಲಿನ ಮೇಲ್ಮಣ್ಣನ್ನೇ ನೋಡಬೇಕು. ಉಳಿದಂತೆ ಇಂಗುಗುಂಡಿಯ ನೀರು ಬಿಡುಗಡೆಯಾಗುವ ಆಳದ ಮಣ್ಣು ಬೇಕು, ಇಳಿಜಾರಿನ ಕಡೆಯದ್ದೂ ಬೇಕು. ಸತು ಲೇಪಿಸಿದ ಸಲಿಕೆಯಲ್ಲಿ ತೆಗೆದರೆ ಸ್ಯಾಂಪಲಿನಲ್ಲಿ ಸತು ಸೇರಿಬಿಡುತ್ತದೆ. ಹೋಲಿಕೆಗೆ ಅದೇ ಹಿತ್ತಲಲ್ಲಿ, ಟ್ಯಾಂಕಿನಿಂದ ದೂರ, ಇಳಿಜಾರಿನ ಮೇಲ್ಗಡೆ ಒಂದು ಸ್ಯಾಂಪಲ್ ತೆಗೆಯಲೇಬೇಕು. ಲೋಹಗಳು ಎಲ್ಲ ಮಣ್ಣಿನಲ್ಲೂ ಸ್ವಲ್ಪ ಇದ್ದೇ ಇರುತ್ತವೆ, ಅಲ್ವಾ? ಹೋಲಿಸಲು ಏನೂ ಇಲ್ಲದೆ ಬಂದ ಅಂಕಿ ಇಟ್ಟುಕೊಂಡು ಏನು ಹೇಳಲಾದೀತು?

ಅಗೆಯುವ ಮೊದಲು ಪೈಪ್ ಎಲ್ಲಿದೆ ತಿಳಿದುಕೊಳ್ಳಿ. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಬೇಡಿ, ಒಳಗಂತೂ ಇಳಿಯಲೇಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ಕೆಳಗೆ ಬಿದ್ದವರನ್ನು ಎತ್ತಲು ಹೋದವರೂ ಹೀಗೆ ಸಾಯುವುದುಂಟು.

ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಸೊನ್ನೆ ಅಂತ ತಿಳಿಯಬೇಡಿ. ಆ ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ ಗುರುತಿಸುತ್ತದೆ ಎಂದು ಕೇಳಿ.

ಲ್ಯಾಬಿನವರಲ್ಲಿ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಒಂದು ಕೋರಿಕೆ ಇದೆ. ಸ್ಯಾಂಪಲ್ ತೆಗೆದುಕೊಳ್ಳುವಾಗಲೇ ಟ್ಯಾಂಕಿಗೆ ಏನು ಹೋಗಿದೆ, ಮಣ್ಣು ಯಾವ ಆಳದ್ದು ಎಂದು ಕೇಳಿ ಬರೆದುಕೊಳ್ಳೋಣ. ಏನನ್ನು ಪರೀಕ್ಷೆ ಮಾಡಿಲ್ಲ ಅನ್ನುವುದನ್ನೂ ರಿಪೋರ್ಟಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕೋಣ. ಸಂಪಾದಕರೇ, ಮುಂದಿನ ಸಲ ಈ ವಿಷಯ ಬರೆಯುವಾಗ ಸ್ಯಾಂಪಲ್ ತೆಗೆಯುವ ಕ್ರಮವನ್ನೂ ಚಿತ್ರದ ಸಮೇತ ಪ್ರಕಟಿಸಿ.

ಇಂತಿ,
ಮಣ್ಣು ಪರೀಕ್ಷಾ ಲ್ಯಾಬಿನ ಒಬ್ಬ ಉದ್ಯೋಗಿ