ಬತ್ತೀರಿನ ಗುಡ್ಡ ಯಾರದೂ ಅಲ್ಲದ ಜಾಗವಲ್ಲ

ಮಾನ್ಯ ಸಂಪಾದಕರೆ,

1967ರಿಂದ ತನ್ನ ಹಿಡಿತದಲ್ಲಿರುವ ಪ್ಯಾಲೆಸ್ಟೀನಿ ಪ್ರದೇಶವಾದ ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟುತ್ತಿರುವ ಹೊಸ ವಸಾಹತುಗಳ, ಅಂದರೆ ಯಹೂದಿ ಬಡಾವಣೆಗಳ ಬಗ್ಗೆ ಕಳೆದ ವಾರ ಓದುಗರೊಬ್ಬರು ಬರೆದ ಪತ್ರವನ್ನು ಓದಿದೆ. ಯಾರೂ ವಾಸವಿಲ್ಲದ ಕಲ್ಲುಗುಡ್ಡದ ಮೇಲೆ ಮನೆ ಕಟ್ಟಿದರೆ ಯಾರಿಗೇನು ನಷ್ಟ, ಗಡಿಯ ಭದ್ರತೆಗೆ ಅದು ಬೇಕಲ್ಲವೇ ಎಂದು ಅವರು ಕೇಳಿದ್ದಾರೆ. ದೂರದಿಂದ ನೋಡುವವರಿಗೆ ಆ ಗುಡ್ಡಗಳು ಬೋಳಾಗಿಯೇ ಕಾಣುತ್ತವೆ, ಆದ್ದರಿಂದ ಅವರ ಪ್ರಶ್ನೆಯಲ್ಲಿ ದುರುದ್ದೇಶವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಹತ್ತಿರದಿಂದ ನೋಡಿದ ನನಗೆ ಸುಮ್ಮನಿರಲು ಆಗುತ್ತಿಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ನೂರಾರು ಮಂದಿಯಂತೆ ನಾನೂ ಇಸ್ರೇಲಿಗೆ ಹೋಗಿ, ಜೆರುಸಲೇಮಿನಲ್ಲಿ ವೃದ್ಧರೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು. ಅಲ್ಲಿಂದ ನೈಋತ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬತ್ತೀರ್ ಎಂಬ ಪ್ಯಾಲೆಸ್ಟೀನಿ ಹಳ್ಳಿಯಿದೆ. ಆ ಓದುಗರ ಎರಡೂ ಪ್ರಶ್ನೆಗಳಿಗೆ ಆ ಒಂದು ಹಳ್ಳಿಯ ಕಥೆಯಲ್ಲೇ ಉತ್ತರವಿದೆ.

ಬತ್ತೀರಿನ ಬೆಟ್ಟದ ಇಳಿಜಾರು ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಗದ್ದೆಗಳಿಂದ ತುಂಬಿದೆ. ಗಾರೆ, ಸಿಮೆಂಟು ಯಾವುದೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಮಣ್ಣನ್ನು ಹಿಡಿದು ನಿಲ್ಲಿಸಿವೆ. ನೀರು ತಾಗದ ಕಡೆ ಆಲಿವ್ ಮತ್ತು ದ್ರಾಕ್ಷಿ, ನೀರು ಹರಿಯುವ ಕಡೆ ತರಕಾರಿ. ಊರಿನ ಒರತೆಯ ನೀರು ರೋಮನರ ಕಾಲದ ಕೊಳವೊಂದಕ್ಕೆ ಬಂದು ಸೇರುತ್ತದೆ. ಕೊಳದ ನೀರನ್ನು ಕೋಲಿನಿಂದ ಅಳೆದು ಪಾಲು ಮಾಡುತ್ತಾರೆ. ಊರಿನಲ್ಲಿ ಎಂಟು ಮನೆತನಗಳು, ದಿನಕ್ಕೊಂದು ಮನೆತನದ ಸರದಿ. ಹಾಗಾಗಿ ಬತ್ತೀರಿನವರ ನೀರಿನ ವಾರಕ್ಕೆ ಎಂಟು ದಿನ! ರಜೆಯ ಶನಿವಾರವೊಂದರಂದು ಗೆಳತಿಯರೊಂದಿಗೆ ಅಲ್ಲಿಗೆ ಹೋಗಿದ್ದಾಗ, ಒಬ್ಬ ಅಜ್ಜ ಬರಿಗಾಲಲ್ಲಿ ಕಾಲುವೆಯೊಳಗೆ ನಿಂತು, ಚಿಂದಿಬಟ್ಟೆ ಸುತ್ತಿದ ಕಲ್ಲೊಂದನ್ನು ಎತ್ತಿ ಪಕ್ಕದ ಮಡಿಗೆ ನೀರು ತಿರುಗಿಸುವುದನ್ನು ಕಂಡೆ. ನೀರು ಬದನೆ ಗಿಡಗಳ ಬುಡಕ್ಕೆ ತಲುಪುವವರೆಗೂ ಅವರು ನಮ್ಮತ್ತ ತಿರುಗಿ ನೋಡಲಿಲ್ಲ. ನಮ್ಮಲ್ಲಿ ಮಟ್ಟುಗುಳ್ಳಕ್ಕೆ ಹೇಗೋ ಹಾಗೆ ಆ ಸೀಮೆಯಲ್ಲಿ ಬತ್ತೀರಿನ ಬದನೆಗೆ ಊರಿನದೇ ಹೆಸರು. ಇದನ್ನು ಖಾಲಿ ಗುಡ್ಡ ಎನ್ನುವುದು ಹೇಗೆ? 2014ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದೇ ಹೊತ್ತಿಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು.

ಇನ್ನು ಗಡಿಯ ಮಾತು. ಬೆಟ್ಟದ ಬುಡದ ಕಣಿವೆಯಲ್ಲಿ 1892ರಲ್ಲಿ ಹಾಕಿದ ಜಾಫಾ-ಜೆರುಸಲೇಮ್ ರೈಲುಹಳಿಯಿದೆ. ಇಸ್ರೇಲ್ ಮತ್ತು ಜೋರ್ಡನ್ ನಡುವಿನ 1949ರ ಕದನವಿರಾಮದ ಗೆರೆಯನ್ನು ಎಳೆದದ್ದು ಈ ಹಳಿಯ ಸನಿಹದಲ್ಲೇ. ಅದಕ್ಕೆ ಮೊದಲಿನ 1948ರ ಅರಬ್-ಇಸ್ರೇಲ್ ಯುದ್ಧದ ಸಮಯದಲ್ಲಿ ಊರಿನ ಬಹುತೇಕ ಜನ ಪ್ರಾಣಭಯದಿಂದ ಓಡಿಹೋಗಿದ್ದರು. ಹಸನ್ ಮುಸ್ತಫಾ ಎಂಬವರ ಮುಂದಾಳುತನದಲ್ಲಿ ಉಳಿದಿದ್ದ ಕೆಲವರು ರಾತ್ರಿ ಖಾಲಿ ಮನೆಗಳಲ್ಲಿ ದೀಪ ಹಚ್ಚಿಟ್ಟು, ಹಗಲು ಬಟ್ಟೆ ಒಣಹಾಕಿ, ಊರು ತುಂಬಿದೆ ಎಂದು ಎದುರಿನ ಸೈನ್ಯಕ್ಕೆ ತೋರಿಸಿದರು. ಆಮೇಲೆ ಮಾತುಕತೆಯಾಗಿ ಒಂದು ಒಪ್ಪಂದಕ್ಕೆ ಬರಲಾಯಿತು. ರೈಲಿಗೆ ಊರಿನವರಿಂದ ಯಾವ ತೊಂದರೆಯೂ ಆಗಬಾರದು, ಅದಕ್ಕೆ ಪ್ರತಿಯಾಗಿ ಹಳಿಯ ಆಚೆಗೆ ಇಸ್ರೇಲಿನ ಪಾಲಾದ ತಮ್ಮ ಹೊಲಗಳಲ್ಲಿ ಅವರು ಉಳುಮೆ ಮುಂದುವರಿಸಬಹುದು. ಬತ್ತೀರಿನವರು ಆ ಮಾತಿಗೆ ತಪ್ಪಲಿಲ್ಲ. 1967ರ ಯುದ್ಧ ಬಂತು, ಇಸ್ರೇಲಿನ ಆಳ್ವಿಕೆಯ ವಿರುದ್ಧ ಪ್ಯಾಲೆಸ್ಟೀನಿಯರ ಎರಡು ದಂಗೆಗಳು (ಇಂತಿಫಾದಾ) ಬಂದವು, ಆ ಒಪ್ಪಂದ ಉಳಿದೇ ಇತ್ತು. ನಾನು ನೋಡಿಕೊಳ್ಳುತ್ತಿದ್ದ ಹಿರಿಯರೊಂದಿಗೆ ಆಗ ಇನ್ನೂ ಓಡುತ್ತಿದ್ದ ಆ ರೈಲಿನಲ್ಲಿ ಬೇತ್ ಶೆಮೆಷ್‌ಗೆ ಹೋಗುತ್ತಿದ್ದಾಗ, ಬತ್ತೀರಿನ ಕಿಟಕಿಗಳು ಕಾಣುವಷ್ಟು ಹತ್ತಿರದಲ್ಲಿ ಹಾದುಹೋಗುತ್ತಿದ್ದೆವು. ಬೋಗಿಯಲ್ಲಿ ಯಾರ ಮುಖದಲ್ಲೂ ಭಯ ಕಾಣುತ್ತಿರಲಿಲ್ಲ. ವಿವಾದಿತ ಗಡಿಯೊಂದನ್ನು ದಶಕಗಳ ಕಾಲ ಕಾದು ಕೊಟ್ಟವರು ಈ ರೈತರು. ಭದ್ರತೆಯ ಬಗ್ಗೆ ಮಾತಾಡುವವರು ಈ ಲೆಕ್ಕವನ್ನೂ ನೋಡಬೇಕು.

ಭದ್ರತೆಯ ಪ್ರಶ್ನೆ ಸುಳ್ಳೆಂದು ನಾನು ವಾದಿಸುತ್ತಿಲ್ಲ. ಸೈರನ್ ಕೂಗಿದಾಗ ನಡೆಯಲಾಗದ ವೃದ್ಧರನ್ನು ತೋಳಲ್ಲಿ ಹಿಡಿದು ರಕ್ಷಣಾ ಕೋಣೆಗೆ ಸಾಗಿಸುವುದೆಂದರೆ ಏನೆಂದು ಆ ಕೆಲಸ ಮಾಡಿದವರಿಗೆ ಗೊತ್ತು. 2021ರ ಮೇ ತಿಂಗಳಲ್ಲಿ ಅಶ್ಕೆಲೋನಿನಲ್ಲಿ ನಮ್ಮಂತೆಯೇ ಆರೈಕೆಯ ಕೆಲಸಕ್ಕಿದ್ದ ಕೇರಳದ ಹೆಣ್ಣುಮಗಳು ಗಾಜಾದಿಂದ ಬಂದ ರಾಕೆಟ್‌ಗೆ ಬಲಿಯಾದಾಗ ನಾವೆಲ್ಲ ಅತ್ತಿದ್ದೇವೆ. 2023ರ ಅಕ್ಟೋಬರ್ 7ರ ಹತ್ಯಾಕಾಂಡವನ್ನು ಯಾವ ಮಾತಿನಿಂದಲೂ ಸಮರ್ಥಿಸಲಾಗದು. ಆದರೆ ಅದಕ್ಕೂ ಬತ್ತೀರಿನ ಬೆಟ್ಟದ ಮೇಲೆ ಹೊಸ ವಸಾಹತು ಹುಟ್ಟುವುದಕ್ಕೂ ಏನು ಸಂಬಂಧ?

ಸಂಬಂಧವಿಲ್ಲ ಎಂಬುದನ್ನು ಅಲ್ಲಿನ ಸರ್ಕಾರವೇ ತೋರಿಸಿಕೊಟ್ಟಿದೆ. 2024ರ ಜೂನ್ ಕೊನೆಯಲ್ಲಿ ಇಸ್ರೇಲಿನ ಭದ್ರತಾ ಸಂಪುಟ ಐದು ವಸಾಹತುಗಳಿಗೆ ಒಪ್ಪಿಗೆ ಕೊಟ್ಟಿತು. ಸ್ಪೇನ್, ನಾರ್ವೆ, ಐರ್ಲೆಂಡ್ ಮುಂತಾದ ದೇಶಗಳು ಪ್ಯಾಲೆಸ್ಟೀನಿಗೆ ಮಾನ್ಯತೆ ಕೊಟ್ಟಿದ್ದಕ್ಕೆ ಪ್ರತಿಯಾಗಿ, ಒಂದೊಂದು ದೇಶಕ್ಕೆ ಒಂದೊಂದು ವಸಾಹತು ಎಂಬುದು ಹಣಕಾಸು ಸಚಿವ ಬೆಜಲೆಲ್ ಸ್ಮೋಟ್ರಿಚ್ ಬಹಿರಂಗವಾಗಿಯೇ ಮುಂದಿಟ್ಟ ವಾದ. ಆ ಐದರಲ್ಲಿ ಒಂದು ನಹಾಲ್ ಹೆಲೆಟ್ಜ್. ಅದಕ್ಕೆ ಆಗಸ್ಟ್‌ನಲ್ಲಿ ಗುರುತಿಸಿದ ಸುಮಾರು 600 ದುನಂ, ಅಂದರೆ ಸುಮಾರು 150 ಎಕರೆ ಜಾಗ ಬತ್ತೀರಿನ ಪರಂಪರೆಯ ತಾಣದ ವ್ಯಾಪ್ತಿಯಲ್ಲಿದೆ ಎಂದು ಇಸ್ರೇಲಿನದೇ ಸಂಘಟನೆ ‘ಪೀಸ್ ನೌ’ ಆಕ್ಷೇಪಿಸಿತು. ಬತ್ತೀರಿನ ದಕ್ಷಿಣಕ್ಕಿರುವ ಗುಷ್ ಎಟ್ಜಿಯೋನ್ ಎಂಬ ವಸಾಹತುಗಳ ಗುಂಪನ್ನು ಜೆರುಸಲೇಮಿಗೆ ಜೋಡಿಸುವುದು ಇದರ ಉದ್ದೇಶ. ಎಲ್ಲೋ ಯುರೋಪಿನ ರಾಜಧಾನಿಯಲ್ಲಿ ಆದ ತೀರ್ಮಾನಕ್ಕೆ ಬತ್ತೀರಿನ ರೈತ ತನ್ನ ಗುಡ್ಡವನ್ನು ದಂಡ ತೆರಬೇಕೇ? ನನ್ನ ಮಟ್ಟಿಗೆ ಇದು ಶುದ್ಧ ಅನ್ಯಾಯ.

ಸ್ಥಳೀಯರ ವಿರೋಧಕ್ಕೆ ಬೆಲೆಯೇ ಇಲ್ಲ ಎಂದು ಕೈಚೆಲ್ಲುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಇದೇ ಕಣಿವೆಯಲ್ಲಿ ಇಸ್ರೇಲ್ ಪ್ರತ್ಯೇಕತಾ ಗೋಡೆ ಕಟ್ಟಲು ಹೊರಟಿತ್ತು. ಗೋಡೆ ಬಂದರೆ ಹಳಿಯ ಆಚೆಗಿನ ಹೊಲಗಳೂ ಕೈತಪ್ಪುತ್ತವೆ, ಮೆಟ್ಟಿಲು ಗದ್ದೆಗಳೂ ಹಾಳಾಗುತ್ತವೆ ಎಂದು ಊರಿನವರು ನ್ಯಾಯಾಲಯಕ್ಕೆ ಹೋದರು. ಇಸ್ರೇಲಿನ ಪರಿಸರವಾದಿಗಳು ಅವರ ಜೊತೆಗೆ ನಿಂತರು. ಹೆಚ್ಚೇನು, ಇಸ್ರೇಲಿನ ಪ್ರಕೃತಿ ಮತ್ತು ಉದ್ಯಾನ ಪ್ರಾಧಿಕಾರವೇ 2012ರಲ್ಲಿ ತನ್ನ ನಿಲುವು ಬದಲಿಸಿ, ಗೋಡೆಯಿಂದ ಈ ಭೂದೃಶ್ಯಕ್ಕೆ ಸರಿಪಡಿಸಲಾಗದ ಹಾನಿಯಾಗುತ್ತದೆ ಎಂಬ ಅಭಿಪ್ರಾಯವನ್ನು ನ್ಯಾಯಾಲಯದ ಮುಂದಿಟ್ಟಿತು. 2015ರ ಜನವರಿಯಲ್ಲಿ ಗೋಡೆಯ ಯೋಜನೆಗೆ ತಡೆ ಬಿತ್ತು. ರೈತರು, ಪರಿಸರವಾದಿಗಳು, ಗಡಿಯ ಆಚೀಚಿನವರು ಒಟ್ಟಾಗಿ ಗೆದ್ದ ಮೊಕದ್ದಮೆ ಅದು. ಗೋಡೆಗೆ ಸಿಗದ ಅನುಮತಿ ಈಗ ವಸಾಹತಿಗೆ ಸಂಪುಟದ ಒಂದು ನಿರ್ಣಯದಿಂದ ಸಿಕ್ಕಿಬಿಟ್ಟಿದೆ. ವಸಾಹತು ಎಂದರೆ ಮನೆಗಳು ಮಾತ್ರವಲ್ಲ. ಅದಕ್ಕೊಂದು ರಸ್ತೆ, ರಸ್ತೆಗೆ ಕಾವಲು, ಕಾವಲಿಗೆ ಬೇಲಿ, ಬೇಲಿಯಾಚೆ ತನ್ನ ಆಲಿವ್ ಮರಗಳಿಗೆ ಹೋಗಲು ರೈತ ಸೈನಿಕನ ಅಪ್ಪಣೆ ಕೇಳುವುದು. ಪಕ್ಕದ ಬೈತ್ ಜಾಲಾದ ಅಲ್ ಮಖ್ರೂರ್ ಕಣಿವೆಯಲ್ಲಿ ಅದೇ 2024ರಲ್ಲಿ ಕ್ರೈಸ್ತ ಕುಟುಂಬವೊಂದು ತನ್ನ ಜಮೀನಿನಿಂದ ಹೊರಬಿದ್ದಾಗ ಪಾದ್ರಿಗಳು, ಮುಸ್ಲಿಮರು, ಯಹೂದಿ ಕಾರ್ಯಕರ್ತರು ಅಲ್ಲಿಯೇ ಡೇರೆ ಹಾಕಿ ಕೂತರು. ಇದು ಒಂದು ಧರ್ಮದವರ ಕೂಗು ಎಂದು ತಳ್ಳಿಹಾಕುವವರು ಅದನ್ನು ಗಮನಿಸಬೇಕು.

ಇಷ್ಟೆಲ್ಲ ಕನ್ನಡ ಪತ್ರಿಕೆಗೆ ಏಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ದೇಶಕ್ಕೂ ಈ ವಿಷಯದಲ್ಲಿ ಹೊಣೆಯಿದೆ. 42,000 ಭಾರತೀಯ ಕೆಲಸಗಾರರು ಇಸ್ರೇಲಿಗೆ ಹೋಗಲು 2023ರಲ್ಲಿ ಎರಡೂ ಸರ್ಕಾರಗಳು ಒಪ್ಪಿಕೊಂಡವು. ಅದರಲ್ಲಿ 34,000 ಮಂದಿ ಕಟ್ಟಡ ಕೆಲಸಕ್ಕೆ, ಉಳಿದವರು ಆರೈಕೆಯ ಕೆಲಸಕ್ಕೆ. ಹೋಗುವವರು ಬಡವರ ಮನೆಯ ಮಕ್ಕಳು, ಸಾಲ ತೀರಿಸಲು, ತಂಗಿಯ ಮದುವೆಗೆ, ಮನೆಯ ಮಾಡಿಗೆ ದುಡಿಯಲು ಹೋಗುವವರು. ಅವರನ್ನು ನಾನು ದೂರುವುದಿಲ್ಲ, ನಾನೂ ಹಾಗೆಯೇ ಹೋದವಳು. ಆದರೆ ಅವರು ಗಾರೆ ಕಲಸುವ ಜಾಗ 1949ರ ಗೆರೆಯ ಯಾವ ಬದಿಯಲ್ಲಿದೆ ಎಂಬುದನ್ನು ಸರ್ಕಾರ ಕೇಳಲೇಬೇಕು. ವಸಾಹತುಗಳಲ್ಲಿ ಭಾರತೀಯರನ್ನು ದುಡಿಸಕೂಡದು ಎಂದು ಪ್ರತಿಯೊಬ್ಬರ ಕರಾರು ಪತ್ರದಲ್ಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಬೇಕು.

2023ರ ನವೆಂಬರ್‌ನಲ್ಲಿ ವಸಾಹತುಗಳನ್ನು ಖಂಡಿಸುವ ವಿಶ್ವಸಂಸ್ಥೆಯ ನಿರ್ಣಯದ ಪರವಾಗಿ ಭಾರತ ಮತ ಹಾಕಿತು. ಅದು ಸರಿಯಾದ ನಡೆ. 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಆಕ್ರಮಿತ ನೆಲದಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ ಎಂಬ ಅಭಿಪ್ರಾಯ ಕೊಟ್ಟಿತು. ಅದನ್ನು ಜಾರಿಗೆ ತರಲು ಒತ್ತಾಯಿಸುವ ನಿರ್ಣಯ ಸೆಪ್ಟೆಂಬರ್‌ನಲ್ಲಿ ಮಹಾಸಭೆಯ ಮುಂದೆ ಬಂದಾಗ 124 ದೇಶಗಳು ಪರವಾಗಿ ನಿಂತವು, ಭಾರತ ಮತದಾನದಿಂದ ದೂರ ಉಳಿಯಿತು. ಈ ಹಿಂಜರಿಕೆಗೆ ಕಾರಣವೇನೆಂದು ನಮ್ಮ ಕರಾವಳಿಯ ಸಂಸದರು ಲೋಕಸಭೆಯಲ್ಲಿ ಕೇಳಲಿ. ಕೆಲಸಗಾರರ ಕರಾರಿನ ವಿಷಯವನ್ನೂ ಅದೇ ಪ್ರಶ್ನೆಯ ಜೊತೆಗೆ ಕೇಳಲಿ. ಅದಕ್ಕೆ ಸಿಗುವ ಉತ್ತರವನ್ನು ನಿಮ್ಮ ಪತ್ರಿಕೆ ವಿದೇಶ ಪುಟದ ಮೂಲೆಯಲ್ಲಿ ಅಲ್ಲ, ಜಿಲ್ಲಾ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಏಕೆಂದರೆ ಕೆಲಸಕ್ಕೆ ಹೋಗಲು ಪಾಸ್‌ಪೋರ್ಟ್ ಮಾಡಿಸುತ್ತಿರುವ ಹುಡುಗರು ಓದುವುದು ಆ ಪುಟವನ್ನು.

ಇತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು
ಉಡುಪಿ ಜಿಲ್ಲೆ