ಎಸ್ಟೋನಿಯಾಕ್ಕೆ ಓದಲು ಹೋಗುವವರು ಅಲ್ಲಿನ ನುಡಿಯನ್ನೂ ಕಲಿಯಲಿ

ಮಾನ್ಯ ಸಂಪಾದಕರೆ,

ಎಸ್ಟೋನಿಯಾದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಡುವವರು ಮೊದಲು ಕೇಳುವುದು ‘ಅಲ್ಲಿ ಇಂಗ್ಲಿಷ್ ಸಾಕಾಗುತ್ತದೆಯೇ?’ ಎಂದು. ತಾರ್ತು ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ನಾನೂ ಅದನ್ನೇ ಕೇಳಿದ್ದೆ. ಸಾಕು ಎಂದವರ ಮಾತನ್ನು ನಂಬಿ ಮೊದಲ ವರ್ಷವನ್ನು ಹಾಗೆಯೇ ಕಳೆದೆ. ತರಗತಿಯ ಮಟ್ಟಿಗೆ ಆ ಮಾತು ನಿಜ. ತರಗತಿಯಿಂದ ಹೊರಗೆ, ಜೊತೆಯವರು ತಮ್ಮತಮ್ಮಲ್ಲಿ ನಗುತ್ತ ಮಾತನಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಂತಿರಬೇಕಾದಾಗಲೇ ನಾನು ಕಳೆದುಕೊಂಡದ್ದೇನೆಂದು ತಿಳಿದದ್ದು.

ತಾರ್ತು ವಿಶ್ವವಿದ್ಯಾಲಯವನ್ನು 1632ರಲ್ಲಿ ಸ್ಥಾಪಿಸಿದವನು ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್. ಆಗ ಪಾಠ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ರಷ್ಯಾ ಚಕ್ರಾಧಿಪತ್ಯದ ಅಡಿಯಲ್ಲಿ 1802ರಲ್ಲಿ ಅದು ಮತ್ತೆ ತೆರೆದಾಗ ಜರ್ಮನ್ನಿನಲ್ಲಿ, ಆ ಶತಮಾನದ ಕೊನೆಯ ಹೊತ್ತಿಗೆ ರಷ್ಯನ್ನಿನಲ್ಲಿ. ನೆಲದ ಜನರ ನುಡಿಯಾದ ಎಸ್ಟೋನಿಯನ್ನಿನಲ್ಲಿ ಅಲ್ಲಿ ಪಾಠ ಆರಂಭವಾದದ್ದು ದೇಶ ಸ್ವಾತಂತ್ರ್ಯ ಘೋಷಿಸಿಕೊಂಡ ಮರುವರ್ಷ, 1919ರ ಡಿಸೆಂಬರ್ 1ರಂದು. ಒಟ್ಟು ಜನಸಂಖ್ಯೆ 14 ಲಕ್ಷವನ್ನೂ ಮುಟ್ಟದ ಈ ನಾಡು ಇಂದಿಗೂ ತನ್ನ ನುಡಿಯಲ್ಲೇ ವೈದ್ಯಶಾಸ್ತ್ರವನ್ನು, ಕಾನೂನನ್ನು ಬೋಧಿಸುತ್ತಿದೆ. ಆ ನುಡಿಯ ಒಂದು ವಾಕ್ಯವನ್ನೂ ಅರಿಯದೆ ಪದವಿ ಪಡೆದು ಹಿಂತಿರುಗುವುದು ನನಗೆ ಸರಿಯೆನಿಸುವುದಿಲ್ಲ.

ಲೌಕಿಕ ಕಾರಣಗಳೂ ಇವೆ. ಓದಿನ ಜೊತೆ ದುಡಿಯಲು ಕಾನೂನಿನ ಅಡ್ಡಿಯಿಲ್ಲವಾದರೂ, ಗ್ರಾಹಕರೊಡನೆ ವ್ಯವಹರಿಸುವ ಕೆಲಸಗಳಿಗೆ ಎಸ್ಟೋನಿಯನ್ ಬೇಕೇ ಬೇಕು. ದೀರ್ಘಕಾಲ ನೆಲೆಸುವ ಪರವಾನಗಿಗೆ ಆ ನುಡಿಯಲ್ಲಿ ಬಿ1 ಮಟ್ಟದ, ಎಂದರೆ ದಿನನಿತ್ಯದ ವ್ಯವಹಾರಕ್ಕೆ ಸಾಲುವ ಮಧ್ಯಮ ಮಟ್ಟದ, ಪರೀಕ್ಷೆಯನ್ನು ಪಾಸಾಗಬೇಕು.

ಹದಿನಾಲ್ಕು ವಿಭಕ್ತಿಗಳಿವೆಯೆಂದು ಕೇಳಿ ಹಿಂಜರಿಯುವವರುಂಟು. ಕನ್ನಡಿಗರಿಗೆ ಅದು ಅಷ್ಟೇನೂ ಅಪರಿಚಿತ ದಾರಿಯಲ್ಲ. ಮನೆಗೆ ಅಲ್ಲಿ ‘ಮಯ’ ಎನ್ನುತ್ತಾರೆ. ‘ಮಯಸ್’ ಎಂದರೆ ಮನೆಯಲ್ಲಿ, ‘ಮಯಸ್ತ್’ ಎಂದರೆ ಮನೆಯೊಳಗಿಂದ. ನಾವು ಪದದ ಕೊನೆಗೆ ಪ್ರತ್ಯಯ ಹಚ್ಚುವಂತೆಯೇ ಅವರೂ ಹಚ್ಚುತ್ತಾರೆ. ಲಿಂಗಭೇದವಂತೂ ಇಲ್ಲವೇ ಇಲ್ಲ. ಅವನಿಗೂ ಅವಳಿಗೂ ‘ತೆಮ’ ಎಂಬ ಒಂದೇ ಸರ್ವನಾಮ. ನಿಜಕ್ಕೂ ಕಷ್ಟವೆನಿಸುವುದು ಉಚ್ಚಾರ: ಹ್ರಸ್ವ, ದೀರ್ಘಗಳ ಮೇಲೆ ನಮ್ಮ ಪ್ಲುತವನ್ನು ನೆನಪಿಸುವ ಮೂರನೆಯದೊಂದು ಉದ್ದವಿದ್ದು, ಅದು ಬದಲಾದರೆ ಅರ್ಥವೇ ಬದಲಾಗಬಹುದು. ಅದಕ್ಕೆ ನನ್ನ ಕಿವಿ ಇನ್ನೂ ಪೂರ್ತಿಯಾಗಿ ಒಗ್ಗಿಲ್ಲ.

ವಿಶ್ವವಿದ್ಯಾಲಯವು ಹೊರನಾಡಿನ ವಿದ್ಯಾರ್ಥಿಗಳಿಗೆ ಆರಂಭಿಕ ತರಗತಿಗಳನ್ನು ನಡೆಸುತ್ತದೆ. ‘ಕೇಲೆಕ್ಲಿಕ್’ ಎಂಬ ಉಚಿತ ಆನ್‌ಲೈನ್ ಕೋರ್ಸನ್ನು ಪ್ರವೇಶಪತ್ರ ಕೈಸೇರಿದ ದಿನದಿಂದಲೇ ಆರಂಭಿಸಬಹುದು. ವಿದೇಶ ವ್ಯಾಸಂಗದ ಮಾಹಿತಿ ಪ್ರಕಟಿಸುವಾಗ ಶುಲ್ಕ, ವೀಸಾ, ವಿದ್ಯಾರ್ಥಿವೇತನಗಳ ಜೊತೆಗೆ ಇಂಥ ವಿವರಗಳಿಗೂ ಪತ್ರಿಕೆಯಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ.

— ಒಬ್ಬ ವಿದ್ಯಾರ್ಥಿನಿ, ತಾರ್ತು