ದಣಿದ ಕೋಳಿಗೆ ಸೂಜಿ

ಪ್ರೀತಿಯ ಮಗಳೇ,

ನಿನ್ನ ಸಂಶೋಧನೆಯ ಬಗ್ಗೆ ಬರೆದ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ವಯಸ್ಸಾದ ಕೋಳಿಗಳಿಗೆ ಈಸ್ಟ್ರೋಜನ್ ಚುಚ್ಚಿ, ದಣಿದ ಮೈಯನ್ನು ಬಲವಂತವಾಗಿ ದುಡಿಸ್ತಿದ್ದೀನಾ ದೊಡ್ಡಮ್ಮ?" ಅಂತ ಕೇಳಿದ್ದೀಯಲ್ಲ, ಅದು.

ಒಂದು ರೀತಿ ಹೌದು ಕಣೇ. ಆ ಹೆಣ್ಣು ಹಾರ್ಮೋನ್ ಅಪ್ಪಣೆ ಕೊಡುತ್ತದೆ, ಲಿವರ್ ಪಾಲಿಸುತ್ತದೆ. ಹುಂಜಕ್ಕೆ ಚುಚ್ಚಿದರೂ ಅದರ ಲಿವರ್ ಹಳದಿ ಲೋಳೆಗೆ ಬೇಕಾದ ವಿಟೆಲೊಜೆನಿನ್ ಅನ್ನುವ ಪ್ರೋಟೀನ್ ತಯಾರಿಸಲು ಶುರು ಮಾಡುತ್ತದೆ. ಮೊಟ್ಟೆಯನ್ನೇ ಇಡದ ಹುಂಜ! ಆ ಪ್ರೋಟೀನಿನ ಜೀನ್ ಅದರಲ್ಲೂ ಇರುತ್ತದೆ, ಸುಮ್ನೆ ಮಲಗಿರುತ್ತದೆ ಅಷ್ಟೆ. ಹಾಗಾಗಿ ನಿನ್ನ ಕೋಳಿಗಳಲ್ಲಿ ಆ ಜೀನ್ ಜಾಸ್ತಿ ಕೆಲಸ ಮಾಡಿಯೂ ಮೊಟ್ಟೆ ಹೆಚ್ಚಲಿಲ್ಲ ಅಂದರೆ ನನಗೆ ಆಶ್ಚರ್ಯವಿಲ್ಲ. ಲಿವರ್ ಕಳಿಸಿದ್ದನ್ನು ತುಂಬಿಕೊಳ್ಳಲು ಅಂಡಾಶಯದಲ್ಲಿ ಬೆಳೆಯುತ್ತಿರುವ ಫಾಲಿಕಲ್, ಅಂದರೆ ಅಂಡ ಬಲಿಯುವ ಚೀಲ, ಬೇಕಲ್ವಾ? ವಯಸ್ಸಾದ ಮೇಲೆ ಅವು ಸಾಲಿಗೆ ಬರುವುದೇ ನಿಧಾನ. ಬಂದರೂ, ದೊಡ್ಡ ಫಾಲಿಕಲ್‌ನಿಂದ ಪ್ರೊಜೆಸ್ಟರಾನ್, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್, ಈ ಎರಡು ಹಾರ್ಮೋನುಗಳೂ ಸರಿಯಾದ ಹೊತ್ತಿಗೆ ಏರದಿದ್ದರೆ ಹಳದಿ ಹೊರಬೀಳುವುದಿಲ್ಲ. ಆದರೆ ಈಸ್ಟ್ರೋಜನ್ ಅತಿಯಾದರೆ ಲಿವರ್ ತುಂಬಾ ಕೊಬ್ಬು. ನಿನ್ನ ಭಯಕ್ಕೆ ಆಧಾರ ಇದ್ದರೆ ಅದು ಇಲ್ಲಿದೆ.

ಮತ್ತೆ ಆ ಸಾಲಿಗೇ ಬರುತ್ತೇನೆ. ನನಗೆ ಮುಟ್ಟು ನಿಂತ ಕಾಲದಲ್ಲಿ ಡಾಕ್ಟರು ಹಾರ್ಮೋನ್ ಮಾತ್ರೆ ತಗೊಳ್ತೀರಾ ಅಂತ ಕೇಳಿದ್ದರು. ನಾನು ಬೇಡ ಅಂದೆ. ಕೋಳಿಯನ್ನು ಯಾರು ಕೇಳುತ್ತಾರೆ? ಆದರೆ ಕೋಳಿಗೆ ನಮ್ಮ ಹಾಗೆ ಪೂರ್ತಿ ನಿಂತುಹೋಗುವುದಿಲ್ಲ. ಅಂಡಾಶಯದಲ್ಲಿ ಸಾವಿರಾರು ಅಂಡಗಳು ಉಳಿದೇ ಇರುತ್ತವೆ. ಬಿಡುವಿಲ್ಲದೆ ಇಡುವ ದಿನಗಳು ಕಡಿಮೆಯಾಗುತ್ತವೆ, ಮೊಟ್ಟೆ ದೊಡ್ಡದಾಗುತ್ತದೆ, ಚಿಪ್ಪು ತೆಳುವಾಗುತ್ತದೆ. ಗರಿ ಉದುರಿಸಿ ಸ್ವಲ್ಪ ಕಾಲ ಸುಧಾರಿಸಿಕೊಂಡರೆ ಅವೇ ಕೋಳಿಗಳು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತವೆ. ದಣಿವು ಅಂತ ನೀನು ಬರೆದದ್ದು ತಪ್ಪಲ್ಲ.

ನಾನು ಕೆಲಸ ಮಾಡುತ್ತಿದ್ದ ಕಡೆ 72 ವಾರ ತುಂಬಿದ ಕೂಡಲೇ ಕೋಳಿಗಳನ್ನು ಮಾರಿಬಿಡುತ್ತಿದ್ದರು. ಅಲ್ಲಿಯವರೆಗೂ ಮೊಟ್ಟೆ ಎಣಿಸಿದೆ, ಚಿಪ್ಪು ಅಳೆದೆ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಅದರಲ್ಲಿ ಒಂದು ಪಾಲು ಮೂಳೆಯಿಂದಲೇ. ಆ ಮೂಳೆಗಳು ಕೊನೆಗೆ ಹೇಗಾಗಿದ್ದವು ಅಂತ ನೋಡಲು ಆಗಲೇ ಇಲ್ಲ. ಕೇಳಿದ್ದರೆ ನಾಲ್ಕು ಕೋಳಿಗಳನ್ನಾದರೂ ಬಿಡುತ್ತಿದ್ದರೇನೋ. ಈಗ ನನ್ನ ಮಂಡಿ ನೋಯುವಾಗಲೆಲ್ಲ ಅದು ನೆನಪಿಗೆ ಬರುತ್ತದೆ, ನಗಬೇಡ.

ನಾನು ಕೆಲಸ ಬಿಟ್ಟು ಬಹಳ ಕಾಲವಾಯಿತು. ನಿನ್ನ ಗೈಡ್‌ಗಿಂತ ಹೆಚ್ಚು ತಿಳಿದವಳ ಹಾಗೆ ಮಾತಾಡಿದರೆ ಕ್ಷಮಿಸು. ಹೋಲಿಸಿ ನೋಡಲು, ಹಾರ್ಮೋನ್ ಇಲ್ಲದ ಬರೀ ಎಣ್ಣೆ ಚುಚ್ಚಿದ ಗುಂಪು ಇದೆ ತಾನೆ? ಸೂಜಿಯ ಗಾಬರಿಗೂ ಮೊಟ್ಟೆ ಕಡಿಮೆಯಾಗುತ್ತದೆ. ಡೋಸ್ ಇಳಿಸಿದ ಇನ್ನೊಂದು ಗುಂಪು ಸಾಧ್ಯವಾ, ಕೇಳಿ ನೋಡು. ಸಾಯಂಕಾಲ ದಪ್ಪ ಸುಣ್ಣದ ಕಲ್ಲಿನ ಚೂರು ಹಾಕಿಸು. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಇದು ನಿನಗೆ ಗೊತ್ತಿರುತ್ತದೆ ಬಿಡು.

ಇನ್ನೊಂದು. ಕೋಳಿ ಯಾವ ಸ್ಥಿತಿಗೆ ಬಂದರೆ ಸೂಜಿ ನಿಲ್ಲಿಸಬೇಕು ಅಂತ ಮೊದಲೇ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಅದನ್ನು ಬರೆಸು, ಗೈಡ್‌ಗೆ ಸಿಟ್ಟು ಬಂದರೂ ಸರಿ. ನಿನಗೆ ಬಂದಿರುವ ಭಯ ಅವರಿಗೂ ಸ್ವಲ್ಪ ಬರಲಿ.

ಮುಂದಿನ ಪತ್ರದಲ್ಲಿ ಮೊಟ್ಟೆಯ ಲೆಕ್ಕ ಕಡೆಗಿರಲಿ. ಲಿವರ್ ಎಷ್ಟು ತೂಗಿತು, ಎದೆಮೂಳೆ ನೆಟ್ಟಗಿತ್ತಾ, ಅದನ್ನು ಮೊದಲು ಬರಿ.

ನಿನ್ನ
ದೊಡ್ಡಮ್ಮ